ಮಹಾದೇವಿ ಒರೆಸಿದ ಅರವತ್ತು ಟ್ಯೂಬು

ಹನ್ನೊಂದು ವರ್ಷದಲ್ಲಿ ಮಹಾದೇವಿಯ ಕೈಯಿಂದ ಒಂದು ಗಾಜೂ ಜಾರಿ ಬಿದ್ದದ್ದಿಲ್ಲ. ಗಂಡ ಅಣವೀರಪ್ಪ ತೀರಿಕೊಂಡ ಮೇಲೆ ಅವಳು ಆಂಟಾಪ್ ಹಿಲ್‌ನಿಂದ ದಾದರ್ ಕಡೆಯ ಕಾಲೇಜಿಗೆ ಹೋಗಿ, ಅಲ್ಲಿಯ ಜೆನೆಟಿಕ್ಸ್ ಲ್ಯಾಬಿನಲ್ಲಿ ಗಾಜು ತೊಳೆಯುವ ಕೆಲಸ ಹಿಡಿದಳು. ಸೀಸೆಗಳ ಮೇಲೆ ಹುಡುಗರು ಕಪ್ಪು ಪೆನ್ನಿನಿಂದ ಏನೇನೋ ಗೀಚಿ ಇಡುತ್ತಿದ್ದರು. ಅರಿವೆಗೆ ಸ್ಪಿರಿಟ್ ಹಾಕಿ ಉಜ್ಜಿದರೆ ಅದು ಹೋಗುತ್ತದೆ ಎಂದು ಮೊದಲ ದಿನವೇ ಕಲಿಸಿದ್ದರು. ಓದು ಬಾರದ ಮಹಾದೇವಿಗೆ ಅದು ಬರೀ ಕೊಳೆ. "ನಮ್ಮ ಮಹಾದೇವಮ್ಮ ತೊಳೆದ ಗಾಜಲ್ಲಿ ಮುಖ ನೋಡ್ಕೋಬಹುದು ಕಣ್ರಯ್ಯ" ಎಂದು ಮೇಷ್ಟ್ರು ಸತ್ಯಮೂರ್ತಿ ಹೊಸ ಹುಡುಗರಿಗೆ ಹೇಳುವಾಗ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ಒಂದು ಮಾತು ವಾರಗಟ್ಟಲೆ ಅವಳ ಹೊಟ್ಟೆ ತುಂಬಿಸುತ್ತಿತ್ತು.

ಈ ವರ್ಷ ನಿಖಿತಾ ಎಂಬ ಹುಡುಗಿ ಏಡಿಗಳ ಬೆನ್ನು ಹತ್ತಿದ್ದಳು. ಕಡಲ ನೀರು ಒಳನುಗ್ಗುವ ಮೂರು ಖಾಡಿಗಳ ಕೆಸರಿನಲ್ಲಿ ಮೊಳಕಾಲುದ್ದ ಇಳಿದು ಏಡಿ ಹಿಡಿದು, ಒಂದೊಂದರ ಕಾಲಿನ ಚೂರನ್ನು ಪುಟ್ಟ ಟ್ಯೂಬಿನಲ್ಲಿ ಹಾಕಿ ತಂದಿದ್ದಳು. ಒಟ್ಟು ಅರವತ್ತು. ಡಿಎನ್‌ಎ ತೆಗೆದು, ಮೂರೂ ಕಡೆಯವು ಒಂದೇ ಬಳಗವೋ ಅಲ್ಲವೋ ಹೇಳಬೇಕು. ಯಾವುದು ಯಾವ ಖಾಡಿಯದೆಂದು ತಿಳಿಯಲು ಟ್ಯೂಬಿನ ಮೇಲಿನ ನಂಬರೇ ಆಧಾರ.

ದಸರೆಯ ಹಿಂದಿನ ದಿನ ಲ್ಯಾಬಿನ ಯಂತ್ರಗಳಿಗೆ ಪೂಜೆ. ಎಲ್ಲವನ್ನೂ ಒರೆಸಿ ಕುಂಕುಮ, ಚೆಂಡುಹೂವು ಇಡುವುದು ಮಹಾದೇವಿಯ ಪಾಲಿನ ಹಬ್ಬ. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಟ್ಯೂಬುಗಳ ಮೈಮೇಲೂ ಕಪ್ಪು. ಹಬ್ಬದ ದಿನ ಇವಷ್ಟೇ ಏಕೆ ಮೈಲಿಗೆ ಎಂದುಕೊಂಡು ಒಂದೊಂದನ್ನೇ ತಿಕ್ಕಿ ಬೆಳಗಿದಳು.

ರಜೆ ಮುಗಿದ ದಿನ ಲ್ಯಾಬಿನಲ್ಲಿ ಕೂಗು ಎದ್ದಿತು.

"ನಂಬರ್ ಎಲ್ಲಮ್ಮ?" ಸತ್ಯಮೂರ್ತಿ ಕೇಳಿದರು.

"ಬರ್ದಿದ್ದೆ ಸರ್, ಸಚ್ಚಿ!" ನಿಖಿತಾ ಅಳುತ್ತಿದ್ದಳು.

"ಮತ್ತೆ? ಏಡೀನೇ ಎದ್ದು ಬಂದು ಅಳಿಸ್ಕೊಂಡು ಹೋಯ್ತಾ?"

ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ಹಿತೇಶ್. ಹಿಂದಿನ ವಾರವಷ್ಟೇ ಮೈಕ್ರೋಸ್ಕೋಪಿನ ಸರದಿಗೆ ಅವಳೊಡನೆ ಜಗಳವಾಡಿದ್ದವನು. ತೊಟ್ಟಿಯಲ್ಲಿ ಕೈಯಿಟ್ಟು ನಿಂತಿದ್ದ ಮಹಾದೇವಿಗೆ ಆಗ ಗೊತ್ತಾಯಿತು. ತಾನು ತಿಕ್ಕಿ ತೆಗೆದ ಕಪ್ಪೇ ಆ ನಂಬರು.

ನಿಖಿತಾ ಅವಳ ಬಳಿಗೇ ಬಂದಳು. "ಮೌಶಿ, ನನ್ ಟ್ಯೂಬ್ಸ್ ಯಾರಾದ್ರೂ ಟಚ್ ಮಾಡಿದ್ದು ನೋಡಿದ್ರಾ?"

"ಇಲ್ಲವ್ವ, ನಾ ಏನೂ ನೋಡಿಲ್ಲ" ಅಂದುಬಿಟ್ಟಳು. ಬಾಯಿಂದ ಹೊರಬಿದ್ದ ಮೇಲೆ ನಾಲಗೆ ಕಚ್ಚಿಕೊಂಡಳು. ಹನ್ನೊಂದು ವರ್ಷದ ಹೆಸರು ಒಂದು ಅರಿವೆ ತುಂಡಿನಿಂದ ಹೋಗುವುದನ್ನು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ನಾಲ್ಕು ದಿನ ತಲೆ ತಗ್ಗಿಸಿ ಗಾಜು ತೊಳೆದಳು. ನಾಲ್ಕನೆಯ ದಿನ ನಿಖಿತಾ ಅರವತ್ತೂ ಟ್ಯೂಬುಗಳನ್ನು ಕಸದ ಚೀಲಕ್ಕೆ ಸುರಿದಳು. ಚೀಲ ಕೆಳಗೆ ಒಯ್ದದ್ದು ಮಹಾದೇವಿಯೇ. ಐದನೆಯ ದಿನ, ಜಗಳದ ಸಿಟ್ಟಿಗೆ ಅಳಿಸಿದವನು ಅವನೇ ಇರಬೇಕೆಂದು ಹಿತೇಶನನ್ನು ಎಲ್ಲರೆದುರು ನಿಲ್ಲಿಸಿದರು.

"ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಅಂದರು ಸತ್ಯಮೂರ್ತಿ.

"ಸರ್, ಮೈನೇ ಕುಛ್ ನಹೀಂ ಕಿಯಾ!" ಹುಡುಗನ ದನಿ ಒಡೆಯಿತು. ತಾನೇನೂ ಮಾಡಿಲ್ಲವೆಂಬ ಅವನ ಮಾತನ್ನು ಯಾರೂ ನಂಬಲಿಲ್ಲ.

ಮಹಾದೇವಿ ಒದ್ದೆ ಕೈಯಲ್ಲೇ ಮುಂದೆ ಬಂದಳು. "ಆ ಹುಡುಗನ್ನ ಬಿಡ್ರೀ ಸಾಹೇಬ್ರ. ಒರಸಿದಾಕಿ ನಾನು. ಹಬ್ಬ ಅಂತ ಸ್ಪಿರಿಟ್ ಹಚ್ಚಿ ಒರಸೀನ್ರೀ."

ಸತ್ಯಮೂರ್ತಿ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಒರೆಸಿ ಎಲ್ಲಿಟ್ರಿ?"

"ಎಲ್ಲಿಂದ ತಗದ್ನೋ ಅದೇ ತೂತಿನ್ಯಾಗ ಇಟ್ಟೀನ್ರೀ. ಒಂದೂ ಅದಲು ಬದಲು ಮಾಡಿಲ್ಲ."

ಅವರು ಕನ್ನಡಕ ತೆಗೆದರು. "ಯಾವ ತೂತಿನಲ್ಲಿ ಯಾವ ನಂಬರ್ ಅನ್ನೋ ಲೆಕ್ಕ ನಿಖಿತಾ ಪುಸ್ತಕದಲ್ಲಿ ಇತ್ತಲ್ಲಮ್ಮ. ಜಾಗ ಬದಲಾಗಿಲ್ಲ ಅಂತ ಗೊತ್ತಿದ್ದಿದ್ರೆ ನಂಬರ್ ಮತ್ತೆ ಬರೀಬಹುದಿತ್ತು. ಯಾರೋ ಬೇಕಂತ ಕಲೆಸಿಟ್ಟಿದ್ದಾರೆ ಅನ್ಕೊಂಡ್ವಿ. ನಿನ್ನೆ ಹೇಳಿದ್ರೂ ಸಾಕಿತ್ತು."

ಒರೆಸಿದ್ದರಿಂದ ಏನೂ ಹಾಳಾಗಿರಲಿಲ್ಲ. ಹಾಳು ಮಾಡಿದ್ದು ಬಾಯಿ ಮುಚ್ಚಿಕೊಂಡ ನಾಲ್ಕು ದಿನ. ಮಹಾದೇವಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಹಿತೇಶನ ಮುಖ ನೋಡಲು ಕತ್ತೇ ಏಳಲಿಲ್ಲ.

ಭಾನುವಾರ ಖಾಡಿಗೆ ಮತ್ತೆ ಇಳಿಯಲು ನಿಖಿತಾ ಚೀಲ ಕಟ್ಟುತ್ತಿದ್ದಾಗ ಮಹಾದೇವಿ ಹತ್ತಿರ ಹೋದಳು.

"ನಾನೂ ಬರ್ತೀನವ್ವ. ಬುಟ್ಟಿ ಹೊರ್ತೀನಿ."

"ಬೇಡ ಮೌಶಿ" ಅಂದಳು ನಿಖಿತಾ. ಸಿಟ್ಟಿನಿಂದಲ್ಲ. ಆದರೆ ತಲೆ ಎತ್ತಲಿಲ್ಲ.