ಟರ್ಬೊ ಗಾಡಿಯಲ್ಲಿ ಹುರಳಿ ಒಕ್ಕಿದ್ದು

ಹುರಳಿ ಹುರಿಯುವ ವಾಸನೆ ಬಂದರೆ ನಿಮಗೇನಾಗುತ್ತದೆ? ಹಸಿವಾಗುತ್ತದೆ ತಾನೇ? ನನಗೂ ಆಗುತ್ತಿತ್ತು, ಹೋದ ತಿಂಗಳವರೆಗೆ. ಈಗ ಆಗುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ಸಾರಿಗೆಂದು ಹುರಳಿ ಹುರಿಯುತ್ತಿದ್ದರೆ ನಾನು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿಬಂದು ನಿಂತಿದ್ದೆ. ಆ ಮನೆಯಾಕೆ ಕಿಟಕಿಯಿಂದ ಇಣುಕಿ, ‘ಯಾಕ್ರಿ, ಹಾವು ಬಂತೇನ್ರಿ?’ ಎಂದು ಕೇಳಿದಳು. ಏನಂತ ಹೇಳಲಿ?

ನನ್ನ ನೀಲಿ ಕಾರಿನ ಬಡಾಯಿಯನ್ನು ಈ ಅಂಕಣದಲ್ಲಿ ನೀವು ಸಾಕಷ್ಟು ಸಹಿಸಿಕೊಂಡಿದ್ದೀರಿ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟರ್ಬೊ ಎಂಜಿನ್, ಅಗಲ ಟೈರು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ತಗ್ಗಾದ ಗಾಡಿ. ಆಕ್ಸಿಲರೇಟರ್ ಮುಟ್ಟಿದರೆ ಗುರ್ರ್ ಅನ್ನುತ್ತದೆ. ಗದಗಿನಿಂದ ಮುಂಡರಗಿಗೆ ದಿನಾ ನೌಕರಿಗೆ ಹೋಗುವ ನಲವತ್ತೈದರ ಹೆಂಗಸಿಗೆ ಇಂಥ ಗಾಡಿ ಯಾಕೆ ಅಂತ ಊರೇ ಕೇಳಿದೆ. (ಗಂಡಸು ತಗೊಂಡಿದ್ದರೆ ‘ಎಷ್ಟು ಸ್ಪೀಡ್ ಹೋಗ್ತೈತ್ರಿ?’ ಅಂತ ಕೇಳುತ್ತಿದ್ದರು. ಇರಲಿ.)

ಮನೆಯಲ್ಲಿ ನಮ್ಮವರದು ಒಂದೇ ರಾಗ. ‘ದಿನಾ ಓಡಿಸಾಕ ಒಂದು ಹಳೇ ಗಾಡಿ ತಗೊಳ್ಳೂಣು. ಇದನ್ನ ಹಬ್ಬಕ್ಕ, ಲಗ್ನಕ್ಕ ಹೊರಗ ತಗಿ.’

‘ರೇಷ್ಮಿ ಸೀರಿ ಏನ್ರಿ ಇದು, ಹಬ್ಬಕ್ಕ ಉಡಾಕ?’ ಅಂತ ನಾನು.

ಅವರು ಬಿಡಬೇಕಲ್ಲ! ಮಲ್ಲಸಮುದ್ರದ ಕಡೆ ಹೋದರೆ ಹಂಪು, ಬೆಟಗೇರಿ ಕಡೆ ಹೋದರೆ ತಗ್ಗು, ಎಲ್ಲಿ ಹೋದರೂ ಗಾಡಿಯ ಹೊಟ್ಟೆ ಕೆರೆಯುತ್ತದೆ ಅಂತ ಅವರ ವಾದ. ಸುಳ್ಳೇನಲ್ಲ. ಹಂಪು ಬಂದರೆ ನಾನು ಗಾಡಿಯನ್ನು ಓರೆ ಮಾಡಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತೇನೆ. ಹಿಂದೆ ಸಾಲುಗಟ್ಟಿದವರು ಹಾರ್ನ್ ಹೊಡೆಯುತ್ತಾರೆ. ಆದರೂ ನಾನು ಸೋತಿರಲಿಲ್ಲ. ಯಾಕೆಂದರೆ ನನ್ನ ಪಕ್ಷದಲ್ಲಿ ನಮ್ಮತ್ತೆ ಇದ್ದರು. ‘ಉಣ್ಣೂ ತಾಟು ಅಟ್ಟದ ಮ್ಯಾಲ ಇಟ್ಟು, ಎಲಿಮ್ಯಾಲ ಉಣ್ಣೂದೇನಲೇ?’ ಅಂತ ಮಗನ ಬಾಯಿ ಮುಚ್ಚಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ. ನನ್ನ ಪಕ್ಕದ ಸೀಟು ಅವರ ಖಾಯಂ ಜಾಗ. ‘ಸ್ವಲ್ಪ ಒತ್ತು, ಆ ಟ್ರ್ಯಾಕ್ಸ್ ಗಾಡಿ ಹಿಂದ ಹಾಕು’ ಅಂತ ಹುರಿದುಂಬಿಸುವವರೂ ಅವರೇ.

ಅವರಿಗೆ ತೊಂದರೆ ಒಂದೇ, ಇಳಿಯೋದು. ಮೊಣಕಾಲು ಹಿಡಿದಿವೆ. ಸೀಟು ನೆಲದ ಸಮಕ್ಕೆ ಇದೆ. ನಾನು ಸುತ್ತಿ ಬಂದು ಬಾಗಿಲು ತೆರೆಯಬೇಕು, ಅವರು ಒಂದೊಂದೇ ಕಾಲು ಹೊರಗಿಡಬೇಕು, ನಾನು ಎರಡೂ ಕೈ ಹಿಡಿದು ‘ಹೂಂ, ಏಳ್ರಿ’ ಅನ್ನಬೇಕು, ಅವರು ‘ತಡಿ ತಡಿ, ದಮ್ ಹತ್ತೈತಿ’ ಅಂತ ಮತ್ತೆ ಕೂರಬೇಕು. ಇಬ್ಬರೂ ನಗುತ್ತಿದ್ದೆವು. ಅದರಲ್ಲಿ ನಗುವಂಥದ್ದು ಏನಿತ್ತು ಅಂತ ಈಗ ಅನಿಸುತ್ತದೆ.

ಆ ಭಾನುವಾರ ಮುಂಡರಗಿಯಲ್ಲಿ ನಮ್ಮ ನಾದಿನಿಯ ಮಗಳ ಕುಬಸ. ಬಸುರಿಗೆ ಉಡಿ ತುಂಬಲು ಹಸಿರು ಸೀರೆ, ಬಳೆ, ಡಬ್ಬಿ ತುಂಬ ಕರ್ಚಿಕಾಯಿ ಹಿಡಿದುಕೊಂಡು ನಾನೂ ಅತ್ತೆಯೂ ಹೊರಟೆವು. ನಮ್ಮವರು ಅಂಗಡಿ ಮುಚ್ಚಿ ಮಧ್ಯಾಹ್ನ ಬಸ್ಸಿಗೆ ಬರುವವರಿದ್ದರು. ಒಳ್ಳೆಯ ಚಳಿಗಾಲದ ಬಿಸಿಲು. ಕಪ್ಪತಗುಡ್ಡದ ಕಡೆ ಗಾಳಿಕಂಬಗಳು ನಿಧಾನಕ್ಕೆ ತಿರುಗುತ್ತಿದ್ದವು. ಅರ್ಧ ದಾರಿ ದಾಟಿದ ಮೇಲೆ ರಸ್ತೆಯ ಅರ್ಧ ಅಗಲಕ್ಕೆ ಹುರಳಿ ಬಳ್ಳಿ ಹರವಿದ್ದರು.

ನಮ್ಮ ಕಡೆಯ ರಸ್ತೆಗಳೇ ಈಗ ಕಣ. ಸುಗ್ಗಿ ಬಂದರೆ ಬೆಳೆ ತಂದು ಟಾರಿನ ಮೇಲೆ ಹರವುತ್ತಾರೆ, ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಕಾನೂನು ಪ್ರಕಾರ ತಪ್ಪು. ಅದು ಗೊತ್ತಿಲ್ಲದವರು ಯಾರಿದ್ದಾರೆ? ಆದರೆ ರಾಶಿಯನ್ನು ಬಳಸಿಕೊಂಡು ಬಾಜೂಕೆ ಹೋಗುವವನನ್ನು ನಮ್ಮಲ್ಲಿ ಒಳ್ಳೆಯವನು ಅನ್ನುವುದಿಲ್ಲ. ಮೇಲೆ ಹಾಯಿಸಿಕೊಂಡು ಹೋಗುವುದೇ ಮರ್ಯಾದೆ.

‘ಹಾಯಿಸವಾ, ಪುಣ್ಯ ಬರ್ತೈತಿ’ ಅಂದರು ಅತ್ತೆ. ನಿಧಾನಕ್ಕೆ ಹಾಯಿಸಿದೆ. ಕೆಳಗೆ ಚರಚರ ಸದ್ದು.

ಆಚೆ ತುದಿಯಲ್ಲಿ ಬಳ್ಳಿ ತಿರುವಿ ಹಾಕುತ್ತಿದ್ದ ಹೆಣ್ಣುಮಗಳು ಕೈ ಅಡ್ಡ ಮಾಡಿದಳು. ಗಂಡ ದೂರದಲ್ಲಿ ಕಾಳು ತೂರುತ್ತಿದ್ದ. ‘ಯಕ್ಕಾರ, ನಿಮ್ಮ ಟೈರ್ ಬಾಳ ಅಗಲ ಅದಾವ್ರಿ. ಚಲೋ ಒಕ್ಕತಾವ. ಇನ್ನೊಂದು ಸುತ್ತು ಹಾಯಿಸ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ.’

ನನ್ನ ಗಾಡಿಯ ಅಗಲ ಟೈರನ್ನು ಇಡೀ ಜಿಲ್ಲೆಯಲ್ಲಿ ಮೊದಲ ಸಲ ಯಾರೋ ಹೊಗಳಿದ್ದರು! ಉಬ್ಬಿಬಿಟ್ಟೆ. ತಿರುಗಿಸಿಕೊಂಡು ಬಂದೆ. ಮತ್ತೆ ಹೋದೆ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಆ ಕಡಿಗೆ ದಪ್ಪ ಐತಿ ನೋಡು, ಅಲ್ಲಿ ಹಾಯಿಸು’ ಅಂತ ಉಸ್ತುವಾರಿ ಮಾಡಿದರು. ಎಷ್ಟು ಸುತ್ತು ಹೊಡೆದೆನೋ ಲೆಕ್ಕವಿಟ್ಟಿಲ್ಲ. ಜಗತ್ತಿನ ಯಾವ ಮೂಲೆಯಲ್ಲಾದರೂ ಟರ್ಬೊ ಗಾಡಿಯಲ್ಲಿ ಹುರಳಿ ಒಕ್ಕಿದವರು ಇದ್ದಾರಾ? ಹೆಮ್ಮೆಯಿಂದ ಕೈಬೀಸಿ ಹೊರಟೆವು.

ಸ್ವಲ್ಪ ದೂರ ಹೋಗಿರಬೇಕು. ‘ಎಲ್ಲೋ ಹುರಳಿ ಹುರಿಯಾಕತ್ತಾರ ನೋಡು. ಏನ್ ಘಮ ಐತಿ!’ ಅಂದರು ಅತ್ತೆ.

ಹೌದು, ಘಮ ಇತ್ತು. ಸುತ್ತ ಒಂದು ಮನೆಯೂ ಇರಲಿಲ್ಲ.

ಅದು ನನ್ನ ತಲೆಗೆ ಹೋಗುವಷ್ಟರಲ್ಲಿ ಬಾನೆಟ್ಟಿನ ಎರಡೂ ಕಡೆಯಿಂದ ಹೊಗೆ ಎದ್ದಿತು. ಒಣ ಬಳ್ಳಿ ಗಾಡಿಯ ಹೊಟ್ಟೆಗೆ ಸುತ್ತಿಕೊಂಡಿತ್ತು, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಂಡಿತ್ತು. ಲಾರಿ, ಬಸ್ಸು ಎತ್ತರದಲ್ಲಿ ದಾಟಿಹೋಗುತ್ತವೆ. ನನ್ನದು ಮಾತ್ರ ಬಳ್ಳಿಯನ್ನೆಲ್ಲ ಬಾಚಿ ಹೊಟ್ಟೆಗೆ ಕಟ್ಟಿಕೊಂಡು ಬಂದಿತ್ತು. ಗಾಡಿ ಬಾಜೂಕೆ ನಿಲ್ಲಿಸಿದೆ, ಬಂದ್ ಮಾಡಿದೆ, ಅತ್ತೆಯ ಬೆಲ್ಟ್ ಬಿಚ್ಚಿದೆ, ಹಾರಿ ಇಳಿದೆ. ಬಗ್ಗಿ ನೋಡಿದರೆ ಕೆಳಗೆ ಬೆಂಕಿ, ಒಲೆಯಲ್ಲಿ ಉರಿದಂತೆ ಉರಿಯುತ್ತಿದೆ!

ಅತ್ತೆ ಒಳಗಿದ್ದರು.

ಸುತ್ತಿ ಓಡಿ ಬಾಗಿಲು ತೆರೆದೆ. ‘ಅತ್ತೀ, ಏಳ್ರಿ! ಏಳ್ರಿ!’ ಅವರು ಒಂದು ಕಾಲು ಹೊರಗಿಟ್ಟರು. ಇನ್ನೊಂದು ಕಾಲು ಬರಲಿಲ್ಲ. ಕೈ ಹಿಡಿದು ಎಳೆದೆ. ಅರ್ಧ ಎದ್ದು ಮತ್ತೆ ಕುಸಿದರು. ‘ಉಡಿ ಸಾಮಾನು... ಬಸುರಿ ಹುಡುಗೀದು, ಸುಡಬಾರದವಾ’ ಅಂತ ಹಿಂದಿನ ಸೀಟಿನ ಕಡೆ ಕೈ ಚಾಚುತ್ತಿದ್ದಾರೆ! ಕಾಲ ಬುಡದಲ್ಲಿ ಬಿಸಿ ಹೊಡೆಯುತ್ತಿದೆ. ಮತ್ತೆ ಎಳೆದೆ. ಆಗಲಿಲ್ಲ ರೀ. ನನ್ನ ಕೈಯಲ್ಲಿ ಆಗಲಿಲ್ಲ. ದೇವರ ಹೆಸರು ಕೂಡ ಬಾಯಿಗೆ ಬರಲಿಲ್ಲ, ‘ಯವ್ವಾ ಯವ್ವಾ’ ಅಂತ ಕಿರುಚುತ್ತಿದ್ದೆ, ಅಷ್ಟೆ.

ಹಿಂದಿನಿಂದ ಬಂದ ಒಂದು ಹಳೆಯ ಸಣ್ಣ ಕಾರು ಕಿರ್ರೆಂದು ನಿಂತಿತು. ಇಬ್ಬರು ಗಂಡಸರು ಇಳಿದು ಓಡಿಬಂದರು. ‘ಸರೀರಿ ಯಕ್ಕಾರ!’ ಅಂತ ಒಬ್ಬ ನನ್ನನ್ನು ದೂಡಿದ. ಅತ್ತೆಯ ಕಂಕುಳಲ್ಲಿ ಕೈ ಹಾಕಿ ಒಂದೇ ಸಲಕ್ಕೆ ಎಳೆದ. ಇನ್ನೊಬ್ಬ ಕಾಲು ಹಿಡಿದ. ಅತ್ತೆ ನೋವಿಗೆ ಚೀರಿದರು. ಹೊಲದ ಬದುವಿನ ಹತ್ತಿರ ಅವರನ್ನು ಕೂರಿಸಿ ನಾವು ತಿರುಗಿ ನೋಡುವಷ್ಟರಲ್ಲಿ ಅವರು ಕುಳಿತಿದ್ದ ಸೀಟಿಗೆ ಬೆಂಕಿ ಹತ್ತಿತ್ತು.

ಹೊಗೆ ಕಂಡು ಆ ಹುರಳಿ ಹೆಣ್ಣುಮಗಳು ಗಂಡನ ಬೈಕಿನಲ್ಲಿ ಧಾವಿಸಿ ಬಂದಳು. ನಮ್ಮನ್ನು ನೋಡಿ ನೇರ ಬದುವಿಗೆ ಬಂದಳು. ‘ನಾನ ಕೈ ಮಾಡಿ ಕರದ್ನೆಲ್ಲೋ ಶಿವನ! ನಾನ ಸುಟ್ಟಂಗಾತಲ್ಲ!’ ಅಂತ ಅತ್ತೆಯ ಪಾದ ಹಿಡಿದು ಅಳತೊಡಗಿದಳು. ಅತ್ತೆ ಅವಳ ತಲೆ ಸವರಿ, ‘ಏಳವಾ. ನಾನೂ ಹಾಯಿಸು ಅಂದಾಕಿನ’ ಅಂದರು. ಅವಳ ಅಳು ನಿಲ್ಲುವವರೆಗೂ ಸವರುತ್ತಲೇ ಇದ್ದರು.

ಗಾಡಿ ಸುಟ್ಟು ಕರಕಲಾದ ಮೇಲೆ ಫೋನುಗಳು ಶುರುವಾದವು. ಲಕ್ಷ್ಮೇಶ್ವರದ ಚಿಕ್ಕಪ್ಪ, ಶಿರಹಟ್ಟಿಯ ಗೆಳತಿ, ಆಫೀಸಿನವರು. ಎಲ್ಲರದೂ ಒಂದೇ ಮಾತು. ‘ಅಂಥಾ ಗಾಡಿ ದಿನಾ ಓಡಿಸಬಾರದಿತ್ತವಾ. ಒಂದು ಹಳೇದು ಇಟ್ಟಿದ್ರ ಅದು ಉಳೀತಿತ್ತು.’ ಅದು! ಅತ್ತೆ ಪಕ್ಕದಲ್ಲೇ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅಲ್ಲ, ಹೋಗಿದ್ದರೆ ಏನು ಹೋಗುತ್ತಿತ್ತು ಅಂತ ಒಬ್ಬರಿಗಾದರೂ ಹೊಳೆಯಬಾರದೇ? ಹಳೇ ಗಾಡಿ ತಗೊಳ್ಳಿ ಅನ್ನುವವರೆಲ್ಲ ಕಾಯುವುದು ಹೊಸ ಗಾಡಿಯನ್ನಾ, ಒಳಗೆ ಕುಳಿತವರನ್ನಾ?

ಕೊನೆಗೂ ನಮ್ಮವರೇ ಗೆದ್ದರು. ಹೋದ ವಾರ ಮೂವರೂ ಬೆಟಗೇರಿಗೆ ಹಳೇ ಕಾರು ನೋಡಲು ಹೋದೆವು. ಎತ್ತರದ ಗಾಡಿ ಬೇಕು ಅಂತ ನಾನೇ ಹೇಳಿದ್ದೆ. ಅತ್ತೆ, ‘ಮುಂದ ಒಲ್ಲೆ’ ಅಂತ ಹಿಂದಿನ ಸೀಟಿನಲ್ಲಿ ಕುಳಿತರು. ಬಾಗಿಲು ಹಾಕಿಕೊಂಡರು. ಮಾರುವವನು ಭಾರಿ ಮಾತುಗಾರ. ‘ಎಸಿ ನೋಡ್ರಿ, ಮಂಜುಗಡ್ಡಿ ಇದ್ದಂಗ. ಟೇಪ್ ಕೇಳ್ರಿ’ ಅಂತ ಹಾಡನ್ನು ಜೋರಾಗಿ ಹಚ್ಚಿದ. ನಮ್ಮವರು ಟೈರು ಒದ್ದು ನೋಡುತ್ತಿದ್ದರು. ನನ್ನ ಕಣ್ಣು ಯಾಕೋ ಹಿಂದಿನ ಕಿಟಕಿಯ ಕಡೆ ಹೋಯಿತು.

ಅತ್ತೆ ಒಳಗಿನಿಂದ ಗಾಜು ಬಡಿಯುತ್ತಿದ್ದರು. ಬಾಯಿ ಆಡುತ್ತಿತ್ತು, ಹಾಡಿನ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಕೈ ಹಿಡಿಕೆಯನ್ನು ಎಳೆದು ಎಳೆದು ಬಿಡುತ್ತಿತ್ತು.

ಓಡಿಹೋಗಿ ಬಾಗಿಲು ಕಿತ್ತು ತೆರೆದೆ. ಅತ್ತೆಯ ಹಣೆಯ ತುಂಬ ಬೆವರು.

‘ಅದು ಒಳಗಿಂದ ಬರಂಗಿಲ್ರಿ’ ಅಂದ ಮಾರುವವನು, ನಗುತ್ತಲೇ. ‘ವೈರ್ ಹರದೈತಿ. ಅದೇನ್ ದೊಡ್ಡ ಮಾತ್ರಿ? ಹೊರಗಿಂದ ಬೆಣ್ಣಿ ತಗದಂಗ ಬರ್ತೈತಿ. ಯಾರರ ಇಳದು ತಗೀತಾರ.’

‘ಹೊರಗ ಯಾರೂ ಇಲ್ಲಂದ್ರ?’ ಅಂದರು ಅತ್ತೆ.

ಅವನು ಹಾಡಿನ ಸದ್ದು ತಗ್ಗಿಸಿದ. ನಮ್ಮವರು ಟೈರು ಒದೆಯುವುದನ್ನು ನಿಲ್ಲಿಸಿ, ತಾವೇ ಹಿಂದಿನ ಸೀಟಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ಹಿಡಿಕೆ ಎಳೆದು ನೋಡಿದರು. ಹೊರಗಿನಿಂದ ನಾನೇ ಬಾಗಿಲು ತೆರೆಯಬೇಕಾಯಿತು.

ಗಾಡಿ ತಗೊಳ್ಳಲಿಲ್ಲ. ಸದ್ಯಕ್ಕೆ ನಾನು ಬಸ್ಸಿನಲ್ಲಿ ಮುಂಡರಗಿಗೆ ಹೋಗಿಬರುತ್ತಿದ್ದೇನೆ. ಅವತ್ತು ಮನೆಗೆ ಬಂದು ನಮ್ಮ ಓಣಿಯವರನ್ನೆಲ್ಲ ಕೇಳಿದೆ. ಮೈಲೇಜ್ ಎಷ್ಟು ಅಂತ ಎಲ್ಲರೂ ಥಟ್ಟನೆ ಹೇಳಿದರು. ನನ್ನ ಇನ್ನೊಂದು ಪ್ರಶ್ನೆಗೆ ಮಾತ್ರ ಎಲ್ಲರೂ ಎದ್ದುಹೋಗಿ ತಮ್ಮ ಗಾಡಿ ನೋಡಿ ಬರಬೇಕಾಯಿತು. ಅದನ್ನೇ ನಿಮಗೂ ಕೇಳುತ್ತೇನೆ.

ನಿಮ್ಮ ಅವ್ವ ಕೂರುವ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ?