ಜರ್ಮನಿಯ ಕಂಪನಿಯೊಳಗೆ ಉಳಿದ ನಮ್ಮವ್ವನ ದನಿ

ನಿಮ್ಮ ಮನೆಯವರ ದನಿ ಯಾವತ್ತಾದರೂ ಬೇರೆ ಯಾರದೋ ಆಸ್ತಿಯಾಗಿದೆಯೇ? ನಮ್ಮವ್ವನದು ಆಯಿತು. ಅದೂ ಜರ್ಮನಿಯ ಒಂದು ಸಿನಿಮಾ ಕಂಪನಿಯ ಆಸ್ತಿ. ನಗಬೇಡಿ, ಪೂರ್ತಿ ಓದಿ.

ಅವ್ವ ನಾಟಕ ಕಂಪನಿಯ ನಟಿ. ಮುಂಡರಗಿಯಲ್ಲಿ ಡೇರೆ ಕಿತ್ತ ಮೇಲೆ ಆ ನಾಟಕ ಕಂಪನಿ ಮತ್ತೆಲ್ಲೂ ನಿಲ್ಲಲಿಲ್ಲ. ಗದಗಿಗೆ ಬಂದು ಸುಮ್ಮನೆ ಕುಳಿತೆವು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಎರಡು ಜರ್ಮನಿ ಒಂದಾಗಿ ಕೆಲವು ವರ್ಷವಾಗಿತ್ತು. ಮುಚ್ಚಿಹೋದ ಪೂರ್ವದ ಸ್ಟುಡಿಯೊಗಳ ಮಕ್ಕಳ ಚಿತ್ರಗಳನ್ನು ಅಲ್ಲಿಯ ಒಂದು ಕಂಪನಿ ಸಾರಾಸಗಟಾಗಿ ಗುತ್ತಿಗೆ ಹಿಡಿದು, ದೇಶದೇಶದ ಟಿವಿಗಳಿಗೆ ಕೊಡುತ್ತಿತ್ತು. ಅದರ ಮುಂಬೈ ಏಜೆಂಟ್ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರ ಮಗ. ಚಿಕ್ಕವನಿದ್ದಾಗ ಅವ್ವನ ನಾಟಕ ನೋಡಿ ಅತ್ತಿದ್ದನಂತೆ. ಆ ಚಿತ್ರಗಳಿಗೆ ಕನ್ನಡದ ದನಿ ಕೊಡುವವರು ಬೇಕಾದಾಗ ನೇರ ನಮ್ಮ ಮನೆಗೇ ಬಂದ.

"ಸಿನಿಮಾ ನಿಮ್ಮದಾ?" ಎಂದು ಅವ್ವ ಕೇಳಿದಳು.

"ಸಿನಿಮಾ ಅಲ್ರಿ ಅಕ್ಕಾರ. ತೋರಸೂ ಹಕ್ಕು ಅಷ್ಟ. ಇಷ್ಟ ವರ್ಷ ಅಂತ."

"ಹಂಗನು! ಹೊಲಾ ನಿಮ್ಮದಲ್ಲ, ಇಷ್ಟ ವರ್ಷ ಉಳೂ ಲಾವಣಿ ಅಷ್ಟ."

ಏಜೆಂಟ್ ಬಿದ್ದು ಬಿದ್ದು ನಕ್ಕ. ಅವನನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ.

ರೆಕಾರ್ಡಿಂಗ್ ನಡೆದಿದ್ದು ಬೆಟಗೇರಿಯಲ್ಲಿ, ಭಜನೆಯ ಕ್ಯಾಸೆಟ್ ಮಾಡುವ ಒಂದು ಕೋಣೆಯಲ್ಲಿ. ಸುತ್ತ ಮಗ್ಗಗಳು. ಅವುಗಳ ಸದ್ದು ಗೋಡೆಯೊಳಗಿಂದಲೂ ಬರುತ್ತಿತ್ತು. ನೇಕಾರರು ಊಟಕ್ಕೆ ಎದ್ದಾಗ ಒಂದೆರಡು ಮಾತು ಹಿಡಿಯುವುದು, ಮತ್ತೆ ಕಾಯುವುದು. ಇಡೀ ದಿನ ಕೆಲಸ ಮಾಡಬೇಕೆಂದರೆ ಅಮಾವಾಸ್ಯೆಯೇ ಗತಿ, ಅವತ್ತು ಮಗ್ಗ ನಿಲ್ಲುತ್ತಿತ್ತು. ಊರೆಲ್ಲ ಅಮಾವಾಸ್ಯೆ ಬೇಡವೆಂದರೆ ನಾವು ಅದಕ್ಕೇ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದೆವು. ರಾಜಕುಮಾರಿಯರಿಗೆಲ್ಲ ನನ್ನ ದನಿ. ರಾಣಿ, ಮುದುಕಿ, ಮಾಟಗಾತಿ ಎಲ್ಲ ಅವ್ವನೇ, ಒಂದೊಂದಕ್ಕೂ ದನಿ ಬದಲಿಸಿ.

ಆ ಕಂಪನಿ ಏರಿದ ಪರಿ ನೋಡಬೇಕಿತ್ತು. ಕಾಕಾ ಬಂದಾಗಲೆಲ್ಲ ಹೊಸ ಸುದ್ದಿ. ಅಮೆರಿಕದ ಚಿತ್ರಗಳ ಹಕ್ಕು ಬಂತು, ಶೇರು ಮೇಲೆ ಹೋಯಿತು, ಇನ್ನು ಜಗತ್ತಿನಲ್ಲಿ ಯಾರೇ ಟಿವಿ ಹಾಕಿದರೂ ನಮ್ಮದೇ ಚಿತ್ರ. ತೋರಿಸುವವರು ಅಷ್ಟೊಂದು ಜನ ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಕೊನೆಯ ಚಿತ್ರ ಹಿಮದ ಊರಿನ ಒಬ್ಬ ತಾಯಿಯದು. ಮೊದಲಿಂದ ಕೊನೆಯವರೆಗೆ ಅವಳೇ. ಅವ್ವ ಅದನ್ನು ತನ್ನ ಸ್ವಂತ ದನಿಯಲ್ಲೇ, ಡೇರೆಯಲ್ಲಿ ಹೇಳುವ ಹಾಗೇ ಹೇಳಿದಳು. ಸ್ಟುಡಿಯೊದ ಮಾಲಕರು ಕೈ ಎತ್ತಿ ನಿಲ್ಲಿಸಿದರು.

"ಅಕ್ಕಾರ, ಅಕಿ ಬಾಯಿ ಮುಚ್ಚ್ಯಾಳ್ರಿ. ನಿಮ್ಮ ಮಾತು ಇನ್ನೂ ನಡದೈತಿ."

"ಅಕಿ ಜಲ್ದಿ ಮುಚ್ಚಿದ್ರ ನಾ ಏನ್ ಮಾಡ್ಲಿ? ಮಗಾ ಮನಿ ಬಿಟ್ಟ ಹೊಂಟಾನ. ಹೆತ್ತಾಕಿ ಎರಡ ಮಾತ್ನ್ಯಾಗ ಕಳಸ್ತಾಳನು?"

ನಾವೆಲ್ಲ ನಕ್ಕೆವು. ಮುಂಬೈ ಆಫೀಸಿನವರು ನಗಲಿಲ್ಲ. ತುಟಿಗೂ ಮಾತಿಗೂ ಹೊಂದುತ್ತಿಲ್ಲ, ಇಡೀ ಚಿತ್ರ ಮತ್ತೊಮ್ಮೆ ಮಾಡಿ ಎಂದು ಟೇಪನ್ನು ಹಿಂದಕ್ಕೆ ಕಳಿಸಿದರು. ಅಂದರೆ ಇನ್ನೊಂದು ಅಮಾವಾಸ್ಯೆ ಬರಬೇಕು.

ಅಷ್ಟರಲ್ಲಿ ಅವ್ವನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಗಂಟು ದನಿಯ ನರಕ್ಕೆ ಹತ್ತಿಕೊಂಡಿದೆ, ಈಗಲೇ ತೆಗೆದರೆ ದನಿ ಉಳಿಯಬಹುದು, ತಡಮಾಡಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ನನ್ನೆದುರೇ ಹೇಳಿದ್ದರು.

"ಅಮಾಸಿ ಒಂದ ಆಗ್ಲಿ," ಎಂದಳು ಅವ್ವ.

"ಸಿನಿಮಾ ಹೋಗ್ಲಿ ಬಿಡಬೇ! ಬ್ಯಾರೇದವ್ರು ಮಾಡ್ತಾರ."

"ಬ್ಯಾರೇದವ್ರಾ? ಡೇರೇದಾಗ ಇಷ್ಟ ವರ್ಷ ಒದರಿದ್ದು ಗಾಳಿಗೆ ಹೋತು. ಇದೊಂದರೆ ಉಳೀತೈತಿ. ನೀ ಸುಮ್ಕಿರು."

ಅವಳು ಹೇಳಿದ್ದು ಖರೆ. ನಾಟಕ ಟೇಪ್ ಮಾಡಲು ಅವಳ ಕಂಪನಿಯ ಮಾಲಕ ಬಿಡುತ್ತಿರಲಿಲ್ಲ. ಟೇಪ್ ಸಿಕ್ಕರೆ ಜನ ಡೇರೆಗೆ ಬರುವುದಿಲ್ಲ ಎಂಬ ಭಯ ಅವನಿಗೆ. ಅವಳ ಹಾಡಿನ ಒಂದು ಸಾಲೂ ಎಲ್ಲೂ ಇರಲಿಲ್ಲ.

ಅಮಾವಾಸ್ಯೆ ಬಂತು. ತುಟಿ ನೋಡಿಕೊಂಡು, ಮಾತನ್ನು ನುಂಗಿ ನುಂಗಿ, ಇಡೀ ಚಿತ್ರ ಮುಗಿಸಿದಳು. ಸಂಜೆಗೆ ನೀರು ಕುಡಿಯಲೂ ಆಗುತ್ತಿರಲಿಲ್ಲ. ಟೇಪು ಮುಂಬೈಗೆ ಹೋಯಿತು, ಅವ್ವ ಹುಬ್ಬಳ್ಳಿಗೆ. ಗಂಟು ಬೆಳೆದು ನರವನ್ನು ಸುತ್ತಿಕೊಂಡಿತ್ತು. ಜೀವ ಉಳಿಯಿತು. ದನಿ ಹೋಯಿತು. ಬರೀ ಪಿಸುಪಿಸು. ಪಕ್ಕದ ಕೋಣೆಯಿಂದ ನನ್ನನ್ನು ಕರೆಯಬೇಕಾದರೆ ತಾಟು ಬಡಿಯುತ್ತಿದ್ದಳು.

ಚಿತ್ರ ಟಿವಿಯಲ್ಲಿ ಬರುತ್ತದೆ ಎಂದು ಕಾದೆವು. ಬರಲಿಲ್ಲ. ಎಸ್‌ಟಿಡಿ ಬೂತಿನಿಂದ ಕಾಕಾಗೆ ಫೋನ್ ಮಾಡಿದೆ.

"ಕಂಪನಿ ಮುಳುಗಿ ಹೋತವಾ ತಂಗಿ. ಕಂಡ ಕಂಡ ಹಕ್ಕೆಲ್ಲಾ ಕೊಂಡ್ರು, ತಗೊಳ್ಳೋರ ಇಲ್ಲ. ಶೇರ್ ಬಿತ್ತು. ಬ್ಯಾಂಕಿನವ್ರು ಎಲ್ಲಾದಕ್ಕೂ ಕೀಲಿ ಹಾಕ್ಯಾರ."

"ಕಾಕಾ, ಟಿವ್ಯಾಗ ಬರೂದು ಬ್ಯಾಡ. ಒಂದ ಕ್ಯಾಸೆಟ್ ಕೊಡ್ರಿ. ಅವ್ವನ ಖರೇ ದನಿ ಅದರಾಗಷ್ಟ ಐತಿ."

"ನನ್ನ ಆಫೀಸಿನಾಗಿನ ನನ್ನ ಛತ್ರೀನ ತಗೊಳ್ಳಾಕ ಬಿಡವಲ್ರು. ಆ ದನಿನೂ ಕಂಪನಿ ಮಾಲು ಅಂತಾರವಾ. ಅದನ್ನ ಯಾರರೆ ಕೊಳ್ಳೂತನಕ ಮುಟ್ಟಂಗಿಲ್ಲಂತ."

ಬೆಟಗೇರಿಗೆ ಓಡಿದೆ. ಕಾಪಿ ಇಟ್ಟುಕೊಳ್ಳಕೂಡದು ಎಂಬ ಕರಾರಿತ್ತು, ಮಾಲಕರು ಇಟ್ಟಿರಲಿಲ್ಲ. ವಾಪಸು ಬಂದ ಟೇಪಿನಲ್ಲಿ ಮೊದಲ ಸಲದ್ದನ್ನು ಅಳಿಸಿ, ಅದರ ಮೇಲೇ ಎರಡನೆಯದನ್ನು ಹಿಡಿದಿದ್ದರು. ಮುಂಬೈಗೂ ಹೋದೆ. ಮುಚ್ಚಿದ ಶಟರಿನ ಮುಂದೆ ನಿಂತು ಅಲ್ಲಿಯ ಕಾವಲುಗಾರನ ಹತ್ತಿರ ಅತ್ತೆ. ಪಾಪ, ಅವನು ಚಹಾ ಕುಡಿಸಿ ಕಳಿಸಿದ. ಆಮೇಲೆ ಕಾಕಾನ ನಂಬರೂ ಹತ್ತಲಿಲ್ಲ.

ಅವ್ವ ಮಾತ್ರ ಆಗಾಗ ನನ್ನ ಕಿವಿ ಹತ್ತಿರ ಎಳೆದುಕೊಂಡು ಕೇಳುತ್ತಿದ್ದಳು, "ಎರಡನೇ ಸಲದ್ದು ಚಲೋ ಆಗಿತ್ತಲ್ಲಾ?"

ಆಗಿತ್ತು. ಆದರೆ ಹೇಗಿತ್ತು? ನನಗೇ ಈಗ ನೆನಪಾಗುತ್ತಿಲ್ಲ. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಕಣ್ಣು ಮುಚ್ಚಿದರೆ ಆ ಪಿಸುಪಿಸುವೇ ಕೇಳುತ್ತದೆ, ಅದರ ಹಿಂದಿನದು ಅಳಿಸಿಹೋಗಿದೆ. ಇದಕ್ಕಿಂತ ದೊಡ್ಡ ಹೆದರಿಕೆ ನನಗೆ ಬೇರೆ ಇಲ್ಲ.

ಮುಳುಗಿದ ಕಂಪನಿಯ ಚಿತ್ರಗಳು ಮುಂದೆ ಚಿಲ್ಲರೆಯಾಗಿ ಯಾರ ಯಾರ ಕೈಗೋ ಹೋದವಂತೆ. ಹಾಗಾಗಿ ಕೇಳುತ್ತಿದ್ದೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಊರೇ ಇರಲಿ, ಆಮೇಲೆ ಯಾವಾಗಲಾದರೂ ಕೇಬಲ್ಲಿನಲ್ಲಿ ಹಿಮದ ಊರಿನ ತಾಯಿಯೊಬ್ಬಳು ಕನ್ನಡ ಮಾತಾಡಿದ್ದನ್ನು ನೀವು ಕೇಳಿದ್ದೀರಾ? ಕೇಬಲ್ ನಡೆಸಿದವರು, ಹಳೆಯ ಟೇಪು ಎತ್ತಿಟ್ಟವರು ಯಾರಾದರೂ ಇದ್ದೀರಾ? ನಿಮ್ಮವರ ದನಿಯೂ ಹೀಗೆ ಎಲ್ಲೋ ಸಿಕ್ಕಿಬಿದ್ದಿದ್ದರೆ ಅದನ್ನೂ ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಅವ್ವನ ದನಿ ದಪ್ಪಗಿತ್ತೋ ತೆಳ್ಳಗಿತ್ತೋ, ಅಷ್ಟಾದರೂ ಹೇಳಿ.