ವಿರಾಮಕ್ಕ ಡಂಪ್ ಓದಲು ಕಲಿತದ್ದು

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಪ್ರೆಸ್ಸಿನಲ್ಲಿ ಮಾತ್ರ ಯಜಮಾನರಿಂದ ಹಿಡಿದು ಕಟ್ಟು ಹೊರುವವರ ತನಕ ಎಲ್ಲರಿಗೂ ಅವಳು ವಿರಾಮಕ್ಕ. ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ಓಡುತ್ತಿದ್ದ ಮಷಿನ್ ನಿಲ್ಲಿಸಿದವಳು ಅವಳು. ಔಷಧಿ ಡಬ್ಬಿಯ ಚೀಟಿಯಲ್ಲಿ "ಊಟಕ್ಕೆ ಮುಂಚೆ ಬೇಡ ಆಮೇಲೆ" ಎಂದು ಅಚ್ಚಾಗುತ್ತಿತ್ತು. ಅಲ್ಪವಿರಾಮ ಎಲ್ಲಿ ಬೀಳಬೇಕು ಎಂಬುದರ ಮೇಲೆ ರೋಗಿಯ ಹೊಟ್ಟೆಯ ಗತಿ ನಿಂತಿದೆ ಎಂದು ಅವಳು ಪಟ್ಟು ಹಿಡಿದಳು. ಅವತ್ತು ಅಂಟಿಕೊಂಡ ಹೆಸರು ಮತ್ತೆ ಬಿಡಲಿಲ್ಲ. ಹೆಸರಿನಲ್ಲಷ್ಟೇ ವಿರಾಮ, ಅವಳಿಗೆ ಅದು ಗೊತ್ತೇ ಇಲ್ಲ ಎಂದು ಬೈಂಡರ್ ತಮಾಷೆ ಮಾಡುತ್ತಿದ್ದ.

ಇಪ್ಪತ್ತೆರಡು ವರ್ಷಗಳಲ್ಲಿ ಪ್ರೆಸ್ಸು ಬದಲಾಯಿತು. ಸೀಸದ ಅಕ್ಷರ ಹೋಗಿ ಕಂಪ್ಯೂಟರ್ ಬಂತು. ಅವಳೂ ಬದಲಾದಳು. ಪುಟ ಕಟ್ಟುವುದನ್ನು ಕಲಿತಳು, ಕಟ್ಟಿದ ಪುಟವನ್ನು ಪಕ್ಕದ ಕೋಣೆಯಲ್ಲಿ ಅಚ್ಚಿನ ತಗಡು ತೆಗೆಯುವ ಪ್ಲೇಟ್ ಮಷಿನ್‌ಗೆ ಕಳಿಸುವುದನ್ನೂ ಕಲಿತಳು. ಅವಳ ಕೋಣೆಯೆಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಒಂದು ಮೇಜು, ಕತ್ತು ಬಗ್ಗಿಸಿದ ದೀಪ, ಕಾಲಿನ ಹತ್ತಿರ ಸದಾ ಗುಂಯ್‌ಗುಡುವ ಕಂಪ್ಯೂಟರ್ ಡಬ್ಬಿ.

ಆ ಡಬ್ಬಿ ಒಂದು ಬೇಸಿಗೆಯಲ್ಲಿ ಕೈ ಕೊಡಲು ಶುರು ಮಾಡಿತು. ಕೆಲಸ ನಡೆಯುತ್ತಿದ್ದಂತೆಯೇ ಪರದೆ ನೀಲಿಯಾಗುತ್ತಿತ್ತು, ನಾಲ್ಕು ಸಾಲು ಇಂಗ್ಲಿಷ್ ಬರುತ್ತಿತ್ತು, ಮತ್ತೆ ಮೊದಲಿಂದ ಶುರು. ಅರ್ಧ ಆಗಿದ್ದ ಪ್ಲೇಟು ಕಸಕ್ಕೆ. ಮೊದಲು ವಾರಕ್ಕೊಮ್ಮೆ ಆಗುತ್ತಿದ್ದದ್ದು ಆಮೇಲೆ ಹೆಚ್ಚುಕಡಿಮೆ ದಿನಕ್ಕೊಮ್ಮೆ ಆಗತೊಡಗಿತು. ಶಾಲೆಗಳು ತೆರೆಯುವ ಮುಂಚೆ ಮೂರನೇ ತರಗತಿಯ ಗಣಿತ ಪುಸ್ತಕ ಮುಗಿಸಿಕೊಡಬೇಕಿತ್ತು.

ಕಂಪ್ಯೂಟರ್ ಸರ್ವಿಸ್‌ನವನು ಬಂದ. ಒಳ್ಳೆಯವನೇ, ಆದರೆ ಸದಾ ಅವಸರ. ಬಂದಾಗಲೆಲ್ಲ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿ, "ವೈರಸ್ ಇತ್ತು, ಈಗ ಸರಿಹೋಯ್ತು" ಎಂದು ಹೋಗುತ್ತಿದ್ದ. ಮೂರನೇ ದಿನಕ್ಕೆ ಪರದೆ ಮತ್ತೆ ನೀಲಿ. ನಾಲ್ಕನೇ ಸಲ ಬಂದಾಗ ಅವನು ಕೈಚೆಲ್ಲಿದ.

"ಸರ್, ಈ ಸೆಟ್ಟು ಮುಗೀತು. ಇದಕ್ಕೆ ತಕ್ಕ ಪ್ಲೇಟ್ ಮಷಿನ್ನೂ ಹಳೇದು. ಹೊಸ ಕಂಪ್ಯೂಟರಿಗೆ ಅದು ಕೂಡಿಕೊಳ್ಳಲ್ಲ."

ಯಜಮಾನರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. ಅವನು ಹೋದ ಮೇಲೆ ಅವಳ ಮೇಜಿನ ಹತ್ತಿರ ಬಂದು ನಿಂತು, "ಈ ಪುಸ್ತಕ ಹೆಂಗೋ ಮುಗಿಸೋಣಮ್ಮ. ಆಮೇಲೆ ಪುಟ ಕಟ್ಟೋದು, ಪ್ಲೇಟು, ಎಲ್ಲಾ ಹೊರಗೆ ಕೊಡೋಣ ಅಂತಿದ್ದೀನಿ. ನಿನಗೆ ಬೇರೆ ಏನಾದ್ರೂ ಕೆಲಸ ನೋಡ್ತೀನಿ" ಎಂದರು.

ಅವರು ಮೆತ್ತಗೆ ಹೇಳಿದ್ದರಿಂದಲೇ ಅವಳಿಗೆ ಅದು ಹೆಚ್ಚು ಚುಚ್ಚಿತು. ಆ ಪ್ರೆಸ್ಸಿನಲ್ಲಿ ಬೇರೆ ಕೆಲಸವೆಂದರೆ ಏನು ಎಂಬುದು ಅವಳಿಗೆ ಗೊತ್ತಿತ್ತು. ಹಾಳೆ ಎಣಿಸುವುದು, ಕಟ್ಟು ಕಟ್ಟುವುದು.

ಮರುದಿನ ಪರದೆ ನೀಲಿಯಾದಾಗ ಅವಳು ಹಣೆ ಚಚ್ಚಿಕೊಳ್ಳಲಿಲ್ಲ. ಮೊದಲ ಸಲ ಆ ನಾಲ್ಕು ಸಾಲನ್ನು ಕರಡು ಓದುವ ಹಾಗೆ ಅಕ್ಷರಕ್ಕೆ ಅಕ್ಷರ ಓದಿದಳು. ತಪ್ಪಿನ ಮಾಹಿತಿಯನ್ನು ಕೂಡಿಸಿಡುತ್ತಿದ್ದೇನೆ ಎಂದು ಯಂತ್ರ ಹೇಳುತ್ತಿತ್ತು. ಕೂಡಿಸಿ ಎಲ್ಲಿ ಇಡುತ್ತದೆ? ಫೋನ್ ಮಾಡಿ ಸರ್ವಿಸ್‌ನವನನ್ನು ಕೇಳಿದಳು.

"ಅದು ಡಂಪ್ ಫೈಲ್ ಮೇಡಂ. ಬೀಳೋ ಹೊತ್ತಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದನ್ನೆಲ್ಲ ಸುರಿದಿಟ್ಟಿರುತ್ತೆ. ಅದನ್ನ ಯಾರೂ ಓದಲ್ಲ."

"ಯಾರೂ ಓದದೇ ಇರೋದನ್ನ ಯಾಕೆ ಬರೆದಿಡುತ್ತೆ?"

ಅವನು ನಕ್ಕು ಫೋನ್ ಇಟ್ಟ.

ಓದುವುದೇ ಅವಳ ಕಸುಬು. ಊಟದ ಬಿಡುವಿನಲ್ಲಿ ಹುಡುಕಿ ಆ ಫೈಲುಗಳನ್ನು ಪತ್ತೆ ಮಾಡಿದಳು. ತೆರೆದರೆ ಪರದೆಯ ತುಂಬ ಸೊಟ್ಟ ಸೊಟ್ಟ ಗುರುತುಗಳು. ಇಂಟರ್‌ನೆಟ್ಟಿನಲ್ಲಿ ಇಂಥದ್ದನ್ನೇ ಚರ್ಚಿಸುವ ಒಂದು ಜಾಗ ಸಿಕ್ಕಿತು. ಅಲ್ಲಿ ಯಾರೋ ಪುಣ್ಯಾತ್ಮರು, ಡಂಪ್ ಓದಲು ಡಿಬಗ್ಗರ್ ಎಂಬ ಬೇರೆಯೇ ಸಲಕರಣೆ ಬೇಕು ಎಂದು ಎರಡೇ ಸಾಲಿನಲ್ಲಿ ತಿಳಿಸಿದರು. ಅದನ್ನು ಇಳಿಸಿಕೊಂಡಳು. ಈಗ ಗುರುತುಗಳು ಹೋಗಿ ಬರೀ ಅಂಕಿಗಳು ಬಂದವು. ಹೆಸರಿಲ್ಲದೆ ಮನೆ ನಂಬರು ಮಾತ್ರ ಇರುವ ಬೀದಿಯಲ್ಲಿ ವಿಳಾಸ ಹುಡುಕಿದಂತಾಯಿತು. ಆ ನಂಬರುಗಳಿಗೆ ಹೆಸರು ಕೊಡುವ ಸಿಂಬಲ್ ಎಂಬ ಪಟ್ಟಿ ಬೇರೆ ಇರುತ್ತದೆ, ಅದನ್ನು ತರಿಸಬೇಕು ಎಂದು ತಿಳಿಯಲು ಇನ್ನೊಂದು ವಾರ ಹಿಡಿಯಿತು. ಪಟ್ಟಿ ಬಂದ ಮೇಲೆ ವಿಶ್ಲೇಷಣೆಯ ಆಜ್ಞೆ ಒತ್ತಿದಳು. ಕೊನೆಯಲ್ಲಿ ಒಂದು ಸಾಲು ಬಂತು. ಬಹುಶಃ ಇವನೇ ಕಾರಣ ಎಂದು ಹೇಳಿ, ಪ್ಲೇಟ್ ಮಷಿನ್ ನಡೆಸುವ ಪ್ರೋಗ್ರಾಮಿನ ಹೆಸರು ಬರೆದಿತ್ತು.

ಅವಳು ಕುಣಿಯುವುದೊಂದು ಬಾಕಿ. ನೇರ ಯಜಮಾನರ ಹತ್ತಿರ ಹೋಗಿ, "ಕಳ್ಳ ಸಿಕ್ಕಿದ ಸರ್" ಎಂದಳು. ಸರ್ವಿಸ್‌ನವನನ್ನು ಕರೆಸಿ ಆ ಪ್ರೋಗ್ರಾಂ ತೆಗೆದು ಹೊಸದು ಹಾಕಿಸಿದರು. ಮರುದಿನ ಹನ್ನೊಂದು ಗಂಟೆಗೆ, ಯಜಮಾನರೂ ಸರ್ವಿಸ್‌ನವನೂ ಅಲ್ಲೇ ನಿಂತಿದ್ದಾಗ, ಪರದೆ ನೀಲಿಯಾಯಿತು.

"ಮೇಡಂ, ಕರಡು ತಿದ್ದೋದು ಬೇರೆ, ಇದು ಬೇರೆ" ಎಂದ ಸರ್ವಿಸ್‌ನವನು. ಹಂಗಿಸಬೇಕೆಂದು ಹೇಳಿದ್ದಲ್ಲ. ಆದರೂ ಅವಳ ಮುಖ ಸಣ್ಣಗಾಯಿತು.

ಮನೆಯಲ್ಲಿ ಅವತ್ತು ಅವಳ ಬಾಯಿಗೆ ಬೀಗ. ಗಂಡ ಬಸ್ ಡ್ರೈವರು, ಅವಳ ಮುಖ ನೋಡಿದರೆ ಯಾವ ಗೇರಿನಲ್ಲಿ ಇದ್ದಾಳೆಂದು ಹೇಳುವವನು. ಮಾತಾಡಿಸದೆ ಪಾತ್ರೆ ತೊಳೆದಿಟ್ಟ. ಅವನ ತಾಯಿ ಬಿಡಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದ ಹೆಂಗಸು, ಎಂಥವರ ಬಾಯನ್ನೂ ಬಿಡಿಸಬಲ್ಲರು. ನಡೆದದ್ದೆಲ್ಲ ಕೇಳಿ, "ಆ ಮಷಿನ್ನು ಬಹುಶಃ ಅಂದಿತ್ತಲ್ಲ?" ಎಂದರು.

"ಹೂಂ ಅತ್ತೆ."

"ಮತ್ತೆ ನೀನು ಯಾಕೆ ಅದನ್ನ ಖಂಡಿತ ಅಂತ ಓದಿದೆ?"

ಇನ್ನೊಬ್ಬರ ಬರಹದಲ್ಲಿ ಹೀಗೆ ಒಂದು ಪದ ನುಂಗಿ ಓದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಳು.

ಅಲ್ಲಿಂದ ಅವಳು ಸಾರಾಂಶದ ಸಾಲನ್ನು ಬಿಟ್ಟು ಒಳಗಿನದನ್ನು ಓದಲು ಕೂತಳು. ಬೀಳುವ ಮುಂಚೆ ಯಾವ ಪ್ರೋಗ್ರಾಂ ಯಾವುದನ್ನು ಕೆಲಸಕ್ಕೆ ಕರೆಯಿತು ಎಂಬ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಕಲಿತಳು. ಮೇಲಿನ ಹೆಸರು ಬಿದ್ದವನದು, ತಳ್ಳಿದವನದೇ ಆಗಬೇಕಿಲ್ಲ. ಚರ್ಚೆಯ ಜಾಗದ ಪುಣ್ಯಾತ್ಮರು, ಚಿಕ್ಕ ಡಂಪ್ ಸಾಲದು, ದೊಡ್ಡದನ್ನು ಉಳಿಸುವಂತೆ ಬದಲಾಯಿಸಿ ಎಂದರು. ಬದಲಾಯಿಸಿದಳು. ಈಗ ಕಂಪ್ಯೂಟರ್ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಸ್ವಲ್ಪ ಖುಷಿಯಾಗುತ್ತಿತ್ತು. ಎರಡು ವಾರದಲ್ಲಿ ಹನ್ನೊಂದು ಡಂಪ್ ಕೂಡಿದವು. ಹನ್ನೊಂದರಲ್ಲೂ ಬೇರೆ ಬೇರೆ ಹೆಸರು ಸಿಕ್ಕಿಬಿದ್ದಿತ್ತು. ಒಂದರಲ್ಲಿ ಪ್ಲೇಟ್ ಮಷಿನ್ ಪ್ರೋಗ್ರಾಂ, ಒಂದರಲ್ಲಿ ನೆಟ್‌ವರ್ಕಿನದು, ಒಂದರಲ್ಲಿ ಪರದೆಯದು. ಇಷ್ಟೊಂದು ಜನ ಒಟ್ಟಿಗೆ ಕೆಟ್ಟುಹೋಗಲು ಸಾಧ್ಯವೇ?

ಆಗ ಅವಳಿಗೆ ಇನ್ನೊಂದು ಆಜ್ಞೆ ಸಿಕ್ಕಿತು. ಮೆಮೊರಿಯಲ್ಲಿದ್ದ ಪ್ರೋಗ್ರಾಮನ್ನು ಅದರ ಮೂಲಪ್ರತಿಯ ಜೊತೆ ಇಟ್ಟು, ಎಲ್ಲಿ ವ್ಯತ್ಯಾಸ ಇದೆಯೋ ಅದನ್ನು ತೋರಿಸುವ ಆಜ್ಞೆ. ಅದರ ವಿವರಣೆ ಓದಿ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೂಲಪ್ರತಿ ಒಂದು ಕೈಯಲ್ಲಿ, ಕರಡು ಇನ್ನೊಂದು ಕೈಯಲ್ಲಿ, ತಾಳೆ ನೋಡುವುದು. ಇದು ಅವಳದೇ ಕೆಲಸ.

ಹನ್ನೊಂದರಲ್ಲಿ ಆರು ಡಂಪ್‌ಗಳು ವ್ಯತ್ಯಾಸ ತೋರಿಸಿದವು. ಪ್ರತಿಯೊಂದರಲ್ಲೂ ಒಂದೇ ಒಂದು ಜಾಗ, ಪಕ್ಕದಲ್ಲಿ ಮೆಮೊರಿಯೊಳಗೆ ಆ ಜಾಗದ ವಿಳಾಸ. ಇರಬೇಕಾದದ್ದು ಒಂದು, ಇದ್ದದ್ದು ಇನ್ನೊಂದು. ಅವನ್ನು ಪ್ರೆಸ್ಸಿನ ರದ್ದಿ ಹಾಳೆಗಳ ಹಿಂಬದಿಗೆ ಮುದ್ರಿಸಿಕೊಂಡು ಮನೆಗೆ ತಂದಳು. ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಮೇಜಿನ ಮೇಲೆ ಹರಡಿ ಅತ್ತೆಯ ಕೈಗೆ ಒಂದು ಪ್ರತಿ ಕೊಟ್ಟಳು.

"ಓದಿ ಅತ್ತೆ. ಮೊದಲು ಇರಬೇಕಾದ್ದು, ಆಮೇಲೆ ಇದ್ದದ್ದು."

ಅತ್ತೆ ಕನ್ನಡಕ ಏರಿಸಿ, ಟ್ರಂಕ್ ಕಾಲ್ ನಂಬರ್ ಹೇಳುವ ದನಿಯಲ್ಲಿ ಬಿಡಿಬಿಡಿಯಾಗಿ ಓದಿದರು. "ನಾಲ್ಕು, ಎಂಟು. ಇದ್ದದ್ದು ನಾಲ್ಕು, ಸಿ. ಮುಂದಿನದು, ಎಂಟು, ಬಿ. ಇದ್ದದ್ದು ಎಂಟು, ಎಫ್. ಎಂಟು, ಮೂರು. ಇದ್ದದ್ದು ಎಂಟು, ಏಳು."

"ಸ್ವಲ್ಪ ನಿಲ್ಲಿ."

ಕಂಪ್ಯೂಟರಿನ ಈ ಎಣಿಕೆಯಲ್ಲಿ ಒಂಬತ್ತಾದ ಮೇಲೆ ಹತ್ತು ಬರುವುದಿಲ್ಲ, ಎ ಇಂದ ಎಫ್ ತನಕ ಅಕ್ಷರ ಬರುತ್ತವೆ. ಎಂಟಾದ ಮೇಲೆ ಒಂಬತ್ತು, ಎ, ಬಿ, ಸಿ. ನಾಲ್ಕು ಹೆಜ್ಜೆ. ಬಿ ಇಂದ ಎಫ್‌ಗೂ ನಾಲ್ಕು. ಮೂರರಿಂದ ಏಳಕ್ಕೂ ನಾಲ್ಕು. ಉಳಿದ ಮೂರನ್ನೂ ಎಣಿಸಿದಳು. ಎಲ್ಲದರಲ್ಲೂ ಸರಿಯಾಗಿ ನಾಲ್ಕು ಹೆಚ್ಚು.

"ವಿಳಾಸದ ಕೊನೆ ಮೂರು ಓದಿ ಅತ್ತೆ. ಎಲ್ಲದರದ್ದೂ."

"ಎ, ಮೂರು, ಎಂಟು. ಎ, ಮೂರು, ಎಂಟು." ಅತ್ತೆ ಹಾಳೆ ತಿರುವಿದರು. "ಇದರಲ್ಲೂ ಎ, ಮೂರು, ಎಂಟು. ಏನೇ ಇದು, ಎಲ್ಲಾ ಒಂದೇ ಮನೆಗೆ ಹೋಗ್ತಿದೆಯಲ್ಲ."

ವಿರಾಮಕ್ಕ ಆರಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಮೆಮೊರಿಯೂ ಪುಟ ಪುಟವಾಗಿರುತ್ತದೆ, ವಿಳಾಸದ ಕೊನೆಯ ಮೂರು ಗುರುತು ಪುಟದೊಳಗಿನ ಜಾಗ ಹೇಳುತ್ತವೆ ಎಂದು ಅವಳು ಓದಿದ್ದಳು. ಬೇರೆ ಬೇರೆ ಪುಟದಲ್ಲಿ ಬೇರೆ ಬೇರೆ ಪದ ಕೆಟ್ಟಿರಬಹುದು. ಆದರೆ ಕಲೆ ಯಾವಾಗಲೂ ಪುಟದ ಒಂದೇ ಜಾಗದಲ್ಲಿ ಬಿದ್ದರೆ, ತಪ್ಪು ಬರೆದವನದಲ್ಲ, ಪುಟ ಕಟ್ಟಿದವಳದೂ ಅಲ್ಲ. ತಪ್ಪು ಪ್ಲೇಟಿನದು. ಕಂಪ್ಯೂಟರಿನಲ್ಲಿ ಪ್ಲೇಟೆಂದರೆ ಮೆಮೊರಿ. ಪ್ರೋಗ್ರಾಮುಗಳೆಲ್ಲ ನಿರಪರಾಧಿಗಳು. ಆ ಒಂದು ಜಾಗಕ್ಕೆ ಯಾರು ಬಂದು ಕೂತರೂ ಅವರ ಮೇಲೆ ಅದೇ ಕಲೆ ಬೀಳುತ್ತಿತ್ತು.

ಸೋಮವಾರ ಸರ್ವಿಸ್‌ನವನನ್ನೂ ಕರೆಸಿಕೊಂಡು ಅವಳು ಯಜಮಾನರ ಮುಂದೆ ನಿಂತಾಗ ಈ ಸಲ ಕಳ್ಳ ಸಿಕ್ಕಿದ ಎನ್ನಲಿಲ್ಲ. ಚೀಟಿಯೊಂದನ್ನು ಮಡಿಸಿ ಕೊಟ್ಟಳು.

"ಸರ್, ಡಬ್ಬಿಯೊಳಗೆ ಮೆಮೊರಿಯ ಎರಡು ಹಲಗೆಪಟ್ಟಿ ಇವೆ. ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಿಸಿ. ಒಂದರಲ್ಲಿ ತಪ್ಪು ಬರುತ್ತೆ. ಬಂದರೆ ಏನು ಬರುತ್ತೆ ಅಂತ ಇದರಲ್ಲಿ ಬರೆದಿದ್ದೀನಿ. ಬರದೇ ಇದ್ದರೆ ನಾನು ಇನ್ನು ಈ ವಿಷಯ ಎತ್ತಲ್ಲ."

"ಮೆಮೊರಿ ನಾನು ಆಗಲೇ ಟೆಸ್ಟ್ ಮಾಡಿದೀನಿ ಸರ್" ಎಂದ ಸರ್ವಿಸ್‌ನವನು. "ಒಂದು ಸುತ್ತು ಪಾಸಾಗಿದೆ."

"ಒಂದು ಸಲ ಓದಿದರೆ ಎಲ್ಲಾ ತಪ್ಪೂ ಸಿಗಲ್ಲಪ್ಪ" ಎಂದಳು ಅವಳು. "ನಾಲ್ಕು ಸುತ್ತು ಓಡಿಸು."

ಮೊದಲ ಪಟ್ಟಿ ಮಧ್ಯಾಹ್ನದ ತನಕ ಓಡಿ ಪಾಸಾಯಿತು. ಎರಡನೆಯದನ್ನು ಹಾಕಿದರು. ಒಂದು ಸುತ್ತು ಮುಗಿಯಿತು, ಏನೂ ಇಲ್ಲ. ಸರ್ವಿಸ್‌ನವನು ಗಡಿಯಾರ ನೋಡಿಕೊಂಡ. ಬೈಂಡರ್ ಕೈಗೆ ಅಂಟು ಮೆತ್ತಿಕೊಂಡೇ ಬಂದು ಬಾಗಿಲಲ್ಲಿ ನಿಂತ. ಅವಳು ಗಣಿತ ಪುಸ್ತಕದ ಕರಡು ಹಿಡಿದು ಕೂತಿದ್ದಳು, ಆದರೆ ಅರ್ಧ ಗಂಟೆಯಿಂದ ಪುಟ ತಿರುಗಿರಲಿಲ್ಲ.

ಎರಡನೇ ಸುತ್ತಿನ ನಡುವೆ ಪರದೆಯಲ್ಲಿ ಒಂದು ಕೆಂಪು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು, ಮತ್ತೊಂದು.

ಯಜಮಾನರು ಚೀಟಿ ಬಿಡಿಸಿದರು. ಮೂಗಿನ ತುದಿಗೆ ಕನ್ನಡಕ ಇಳಿಸಿ ಒಮ್ಮೆ ಚೀಟಿ ನೋಡಿದರು, ಒಮ್ಮೆ ಪರದೆ ನೋಡಿದರು. ಆಮೇಲೆ ಗಟ್ಟಿಯಾಗಿ ಓದಿದರು. "ಕೊನೆಗೆ ಎ ಮೂರು ಎಂಟು. ನಾಲ್ಕು ಹೆಚ್ಚು." ಸರ್ವಿಸ್‌ನವನು ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ವಿಳಾಸ ಎ ಮೂರು ಎಂಟರಲ್ಲಿ ಮುಗಿದಿತ್ತು. ವ್ಯತ್ಯಾಸದ ಅಂಕಣದಲ್ಲಿ ಸೊನ್ನೆಗಳ ಸಾಲು, ತುದಿಯಲ್ಲೊಂದು ನಾಲ್ಕು.

ಮೊದಲು ಬಾಯಿ ಬಿಟ್ಟವನು ಸರ್ವಿಸ್‌ನವನೇ.

"ಮೇಡಂ, ಇದನ್ನ ನನಗೂ ಹೇಳಿಕೊಡ್ತೀರಾ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಕೆಟ್ಟ ಪಟ್ಟಿ ಎರಡು ಬೆರಳಗಲದ ಹಸಿರು ಹಲಗೆ. ಅದನ್ನು ಅವಳೇ ಕೈಯಾರೆ ಎಳೆದು ತೆಗೆದಳು. ಗಣಿತ ಪುಸ್ತಕದ ಉಳಿದ ಪ್ಲೇಟುಗಳು ಒಂದೂ ಕೆಡದೆ ಆದವು. ಮೂರು ವಾರ ಪರದೆ ನೀಲಿಯಾಗಲಿಲ್ಲ, ಆಮೇಲೆ ಯಾರೂ ವಾರ ಎಣಿಸುವುದನ್ನೇ ಬಿಟ್ಟರು. ಪುಟದ ಕೆಲಸ ಹೊರಗೆ ಕೊಡುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ. ಮೆಟ್ಟಿಲ ಕೆಳಗಿನ ಸಂದಿನಿಂದ ಅವಳ ಮೇಜನ್ನು ಕಿಟಕಿ ಇರುವ ಮುಂದಿನ ಕೋಣೆಗೆ ಹಾಕಿಸಿದರು.

ಈಗ ಆ ಕಿಟಕಿಯ ಪಕ್ಕ ಎರಡನೇ ಕುರ್ಚಿಯೂ ಇದೆ. ಶನಿವಾರ ಮಧ್ಯಾಹ್ನ ಸರ್ವಿಸ್‌ನವನು ಊರಿನ ಬೇರೆ ಬೇರೆ ಅಂಗಡಿ, ಆಸ್ಪತ್ರೆ, ಕಚೇರಿಗಳಿಂದ ತಂದ ಡಂಪ್‌ಗಳನ್ನು ಹಿಡಿದು ಅದರಲ್ಲಿ ಬಂದು ಕೂರುತ್ತಾನೆ. ಮೊನ್ನೆ ಒಂದನ್ನು ತೆರೆದು, "ಬಹುಶಃ ಪ್ರಿಂಟರಿನದು ಅಂತಿದೆ ಅಕ್ಕ" ಎಂದ. ಮೇಡಂ ಯಾವಾಗ ಅಕ್ಕ ಆದಳೋ ಇಬ್ಬರಿಗೂ ನೆನಪಿಲ್ಲ. ಅವಳು ಕುರ್ಚಿ ಎಳೆದುಕೊಂಡು, "ಅದು ಏನಾದ್ರೂ ಅನ್ನಲಿ, ನೀನು ಕೆಳಗಿನ ಸಾಲಿನಿಂದ ಓದು" ಎಂದಳು.